ಲೆಕ್ಕ ಕೇಳಿದ ಪಿತಾಮಹ ದಾದಾಭಾಯಿ ನವರೋಜಿ

ಮಹಾಪುರುಷರ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅವರ ಜನನದಿಂದ ಆರಂಭಿಸುತ್ತಾರೆ. ನಾನು ನಮ್ಮ ಅಜ್ಜಿಯ ಪಿಂಚಣಿಯಿಂದ ಆರಂಭಿಸುತ್ತಿರುವುದಕ್ಕೆ ಓದುಗರು ಕ್ಷಮಿಸಬೇಕು. ಕುಮಟಾ ತಾಲೂಕಿನ ಸಾಣಿಕಟ್ಟಾದ ಉಪ್ಪಿನ ಆಗರದಲ್ಲಿ ಬಹುಕಾಲ ಬುಟ್ಟಿ ಹೊತ್ತ ನಮ್ಮ ಅಜ್ಜಿಗೆ ಈಗ ಸರಕಾರದ ವೃದ್ಧಾಪ್ಯ ವೇತನ ಬರುತ್ತದೆ. ಒಂದು ದಿನ ಆ ಹಣ ತರಲು ಅವಳ ಜೊತೆ ಹೋಗಿದ್ದೆ. ಹಿಂದಿರುಗುವ ದಾರಿಯಲ್ಲಿ ಅವಳು ಈ ದುಡ್ಡು ಯಾರು ಕೊಡುವುದು ಎಂದು ಕೇಳಿದಳು. ಸರಕಾರ ಎಂದೆ. ಸರಕಾರಕ್ಕೆ ಯಾರು ಕೊಡುತ್ತಾರೆ ಎಂದು ಮತ್ತೆ ಕೇಳಿದಳು. ಬಿ.ಎ. ಕೊನೆಯ ವರ್ಷದಲ್ಲಿ ಓದುತ್ತಿರುವ ನನಗೆ ಕೂಡಲೆ ಉತ್ತರ ಹೊಳೆಯಲಿಲ್ಲ.

ಅದೇ ತಿಂಗಳು ಇತಿಹಾಸದ ಪಾಠದಲ್ಲಿ ದಾದಾಭಾಯಿ ನವರೋಜಿಯವರ ವಿಷಯ ಬಂದಿತು. ಪರೀಕ್ಷೆಗೆಂದು ನಾವೆಲ್ಲರೂ ಅವರ ಬಗ್ಗೆ ನಾಲ್ಕು ಸಾಲು ಬಾಯಿಪಾಠ ಮಾಡಿರುತ್ತೇವೆ: ಭಾರತದ ಪಿತಾಮಹ, ಸಂಪತ್ತಿನ ಸೋರಿಕೆಯ ಸಿದ್ಧಾಂತ, ಮೂರು ಸಲ ಕಾಂಗ್ರೆಸ್ಸಿನ ಅಧ್ಯಕ್ಷ, ಬ್ರಿಟಿಷ್ ಪಾರ್ಲಿಮೆಂಟಿನ ಸದಸ್ಯ. ಆದರೆ ಅವರ ಬದುಕನ್ನು ಸ್ವಲ್ಪ ಬಿಡಿಸಿ ಓದಿದಾಗ ನನಗೆ ಆಶ್ಚರ್ಯವಾಯಿತು. ನಮ್ಮ ಅಜ್ಜಿ ಕೇಳಿದ ಪ್ರಶ್ನೆಯನ್ನೇ ಅವರು ಅಂದಿನ ಜಗತ್ತಿನ ಅತಿ ಬಲಿಷ್ಠ ಸರಕಾರವನ್ನು ಸುಮಾರು ನಲವತ್ತು ವರ್ಷಗಳ ಕಾಲ ಬಿಡದೆ ಕೇಳಿದ್ದರು. ನಿಮ್ಮ ಅಧಿಕಾರಿಗಳ ಸಂಬಳ, ನಿಮ್ಮ ಮುದುಕರ ಪಿಂಚಣಿ, ಇವು ಯಾರ ದುಡ್ಡು? ಕೊಡುವವನನ್ನು ಒಂದು ಮಾತು ಕೇಳಿದಿರಾ? ದಾದಾಭಾಯಿಯವರ ಇಡೀ ಜೀವನವನ್ನು ಈ ಪ್ರಶ್ನೆಯ ಸುತ್ತ ಹೇಳಬಹುದೆಂದು ನನಗೆ ತೋರುತ್ತದೆ.

ಅವರು ಹುಟ್ಟಿದ್ದು 1825ನೆಯ ಇಸವಿ ಸಪ್ಟೆಂಬರ 4ರಂದು, ಬಡ ಪಾರ್ಸಿ ಪುರೋಹಿತರ ಮನೆತನದಲ್ಲಿ. ನಾಲ್ಕು ವರ್ಷದವರಿದ್ದಾಗಲೇ ತಂದೆ ತೀರಿಕೊಂಡರು. ತಾಯಿ ಮಾಣೆಕಬಾಯಿ ಓದು ಬರಹ ಬಲ್ಲವರಲ್ಲ. ಆದರೂ ಮಗನನ್ನು ಶಾಲೆಗೆ ಕಳಿಸುವ ಹಟ ಬಿಡಲಿಲ್ಲ. ಮುಂಬಯಿಯಲ್ಲಿ ಆಗ ನಡೆಯುತ್ತಿದ್ದ ಶಿಕ್ಷಣ ಸಂಸ್ಥೆಯಲ್ಲಿ ಬಡ ಹುಡುಗರಿಗೆ ಫೀ ಇರಲಿಲ್ಲ. ಫೀ ಇದ್ದಿದ್ದರೆ ದಾದಾಭಾಯಿ ಓದುತ್ತಿರಲಿಲ್ಲ. ಎಲ್ಫಿನ್‌ಸ್ಟನ್ ವಿದ್ಯಾಲಯದಲ್ಲಿ ಅವರು ಗಣಿತದಲ್ಲಿ ಎಲ್ಲರಿಗಿಂತ ಮುಂದಾದರು. ಅವರನ್ನು ವಿಲಾಯತಿಗೆ ಕಳಿಸಿ ಬ್ಯಾರಿಸ್ಟರ್ ಮಾಡಿಸಬೇಕೆಂದು ನ್ಯಾಯಾಧೀಶರಾಗಿದ್ದ ಸರ್ ಅರ್ಸ್ಕಿನ್ ಪೆರಿ ಅವರು ಅರ್ಧ ಖರ್ಚು ಕೊಡಲು ಮುಂದೆ ಬಂದರು. ಹುಡುಗ ಮತಾಂತರವಾದಾನು ಎಂಬ ಭಯದಿಂದ ಸಮಾಜದ ಹಿರಿಯರು ಒಪ್ಪಲಿಲ್ಲ. ಅವರು ಓದಿದ ವಿದ್ಯಾಲಯದಲ್ಲಿಯೇ ಅಧ್ಯಾಪಕರಾಗಿ, ಮೂವತ್ತು ತುಂಬುವ ಹೊತ್ತಿಗೆ ಗಣಿತದ ಪ್ರಾಧ್ಯಾಪಕರಾದರು. ಆ ಪದವಿಗೆ ಏರಿದ ಮೊದಲ ಭಾರತೀಯರು ಅವರೇ.

ಇಲ್ಲಿ ಒಂದು ಮಾತು ಹೇಳಲೇಬೇಕು. ಮುಂದೆ ದಾದಾಭಾಯಿಯವರು ತಮ್ಮ ಬಾಲ್ಯವನ್ನು ನೆನೆಯುವಾಗ, ತಮ್ಮ ವಿದ್ಯೆಯ ಖರ್ಚನ್ನು ಕೊಟ್ಟವರು ಬಡ ಜನರು, ತಾವೂ ಅವರಲ್ಲಿ ಒಬ್ಬರು, ಆದ್ದರಿಂದ ಕಲಿತದ್ದನ್ನು ಅವರ ಸೇವೆಯ ರೂಪದಲ್ಲಿ ಹಿಂದಕ್ಕೆ ಕೊಡಬೇಕು ಎಂಬ ಭಾವ ತಮಗೆ ಚಿಕ್ಕಂದಿನಲ್ಲಿಯೇ ಬಂದಿತ್ತು ಎಂದು ಬರೆದುಕೊಂಡಿದ್ದಾರೆ. ಸರಕಾರಿ ಕಾಲೇಜಿನ ಬೆಂಚಿನ ಮೇಲೆ ಕುಳಿತು, ಮನೆತನದಲ್ಲಿಯೇ ಮೊದಲಿಗನಾಗಿ ಪದವಿಯ ಬಾಗಿಲಿಗೆ ಬಂದಿರುವ ನನಗೆ ಈ ಮಾತು ನೇರವಾಗಿ ತಟ್ಟಿತು. ದಾದಾಭಾಯಿಯವರ ರಾಜಕೀಯವೆಲ್ಲ ಈ ಋಣದ ಅರಿವಿನಿಂದಲೇ ಹುಟ್ಟಿತೆಂದು ಹೇಳಿದರೆ ತಪ್ಪಾಗಲಾರದು. ಅವರು ಮೊದಲು ಸಾಲ ತೀರಿಸಿದ್ದೂ ಮುಂಬಯಿಯಲ್ಲಿಯೇ. 1849ರಲ್ಲಿ ಗೆಳೆಯರೊಡನೆ ಹೆಣ್ಣು ಮಕ್ಕಳ ಶಾಲೆಗಳನ್ನು ತೆರೆದರು. 1851ರಲ್ಲಿ ಸುಧಾರಣೆಯ ವಿಚಾರ ಹರಡಲು ರಾಸ್ತ್ ಗೊಫ್ತಾರ್ ಎಂಬ ಗುಜರಾತಿ ಪತ್ರಿಕೆಯನ್ನು ಹೊರಡಿಸಿದರು.

1855ರಲ್ಲಿ ಅವರು ಪ್ರಾಧ್ಯಾಪಕ ವೃತ್ತಿಯನ್ನು ಬಿಟ್ಟು ಕಾಮಾ ಕಂಪನಿಯ ಪಾಲುದಾರರಾಗಿ ಲಂಡನ್ನಿಗೆ ಹೋದರು. ಆದರೆ ಅಫೀಮು ಮತ್ತು ಮದ್ಯದ ವ್ಯಾಪಾರದ ಲಾಭ ಅವರ ಮನಸ್ಸಿಗೆ ಒಗ್ಗಲಿಲ್ಲ. ಪಾಲುದಾರಿಕೆಯನ್ನು ಬಿಟ್ಟು 1859ರಲ್ಲಿ ತಮ್ಮದೇ ಹತ್ತಿ ವ್ಯಾಪಾರದ ಕಂಪನಿಯನ್ನು ತೆರೆದರು.

ಆ ಕಾಲದ ಹತ್ತಿ ವ್ಯಾಪಾರವೆಂದರೆ ನಮ್ಮ ಜಿಲ್ಲೆಯೂ ನೆನಪಾಗಬೇಕು. 1861ರಿಂದ 1865ರವರೆಗೆ ಅಮೇರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಿತು. ಲಂಕಾಶಾಯರಿನ ಗಿರಣಿಗಳು ಭಾರತದ ಕಡೆ ಬಾಯಿ ತೆರೆದು ಕುಳಿತವು. ಧಾರವಾಡ ಹುಬ್ಬಳ್ಳಿ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟೆಯ ಬಂದರಿಗೆ ಬರುತ್ತಿತ್ತು. ಇಲ್ಲಿಂದ ಹಡಗು ಏರಿ ಮುಂಬಯಿಗೆ ಹೋಗುತ್ತಿತ್ತು. ಆ ಕಾರಣದಿಂದ ಒಂದು ಜಾತಿಯ ಹತ್ತಿಗೆ ಕುಮಟಾ ಹತ್ತಿ ಎಂಬ ಹೆಸರೇ ನಿಂತಿತು. ಕುಮಟೆಯಲ್ಲಿ ಬೆಳೆಯದ ಹತ್ತಿಗೆ ಕುಮಟೆಯ ಹೆಸರು! ಅದೇ ದಿನಗಳಲ್ಲಿ, 1862ರಲ್ಲಿ, ನಮ್ಮ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಇಲಾಖೆಗೆ ಸೇರಿಸಿದರು. ಹೀಗೆ ಭಟ್ಕಳ, ಹೊನ್ನಾವರ, ಕುಮಟೆಗಳ ಜನರೂ ದಾದಾಭಾಯಿಯವರೂ ಒಂದೇ ಇಲಾಖೆಯವರಾದರು. ಯುದ್ಧ ಮುಗಿದೊಡನೆ ಹತ್ತಿಯ ಬೆಲೆ ಕುಸಿಯಿತು. ಎಷ್ಟೋ ಕಂಪನಿಗಳು ಮುಳುಗಿದವು. ದಾದಾಭಾಯಿಯವರ ಕಂಪನಿಯೂ ಉಳಿಯಲಿಲ್ಲ. ಆದರೆ ಲಂಡನ್ನಿನಲ್ಲಿ ವ್ಯಾಪಾರಿಯಾಗಿ ಕಳೆದ ವರ್ಷಗಳು ಅವರಿಗೆ ಒಂದು ವಿದ್ಯೆಯನ್ನು ಕಲಿಸಿದ್ದವು. ಅದು ಜಮಾಖರ್ಚಿನ ಪುಸ್ತಕವನ್ನು ಓದುವ ವಿದ್ಯೆ. ಅದನ್ನೇ ಅವರು ಸಾಮ್ರಾಜ್ಯದ ಪುಸ್ತಕಕ್ಕೆ ಹಚ್ಚಿದರು.

ಆ ಪುಸ್ತಕದಲ್ಲಿ ಅವರ ಕಣ್ಣಿಗೆ ಬಿದ್ದ ಬಾಬು ಯಾವುದು? ಅದರ ಹೆಸರು ಹೋಮ್ ಚಾರ್ಜಸ್. ಭಾರತದ ಸರಕಾರ ಇಂಗ್ಲೆಂಡಿನಲ್ಲಿ ಮಾಡುವ ಖರ್ಚಿನ ಬಾಬು ಎಂದು ಅದರ ಅರ್ಥ. ಸಾಲದ ಬಡ್ಡಿ, ರೈಲ್ವೆ ಕಂಪನಿಗಳಿಗೆ ಕೊಟ್ಟ ಖಾತರಿಯ ಹಣ, ಇಲ್ಲಿಯ ಕಚೇರಿಗಳಿಗೆ ಅಲ್ಲಿ ಕೊಂಡ ಸಾಮಾನು, ಲಂಡನ್ನಿನ ಇಂಡಿಯಾ ಆಫೀಸಿನ ಸಂಬಳ, ರಜೆಯ ಭತ್ಯ, ಕೊನೆಗೆ ಪಿಂಚಣಿ, ಇವೆಲ್ಲ ಅದರಲ್ಲಿ ಸೇರಿದ್ದವು. ಭಾರತ ಮಂತ್ರಿ ಲಂಡನ್ನಿನ ಮಂತ್ರಿಮಂಡಲದ ಸದಸ್ಯ, ಅಲ್ಲಿಯ ಪಾರ್ಲಿಮೆಂಟಿಗೆ ಮಾತ್ರ ಜವಾಬುದಾರ. ಆದರೆ ಅವನ ಸಂಬಳ ಭಾರತದ ಬೊಕ್ಕಸದಿಂದ. ಭಾರತಕ್ಕೆ ಬರುವ ಗೋರಾ ಸಿಪಾಯಿಗೆ ಇಂಗ್ಲೆಂಡಿನಲ್ಲಿ ಕವಾಯತು ಕಲಿಸಿದ ಖರ್ಚೂ ತಲೆಗೆ ಇಷ್ಟರಂತೆ ಭಾರತದ ಮೇಲೆ. 1867ರಲ್ಲಿ ತುರ್ಕಿಯ ಸುಲ್ತಾನ ಲಂಡನ್ನಿಗೆ ಬಂದಾಗ ಅವನ ಗೌರವಾರ್ಥ ನಡೆದ ನೃತ್ಯಕೂಟದ ಖರ್ಚನ್ನು ಕೂಡ ಭಾರತದ ಲೆಕ್ಕಕ್ಕೆ ಬರೆದರು. ಹೆನ್ರಿ ಫಾಸೆಟ್ ಎಂಬ ಅಂಧ ಪ್ರಾಧ್ಯಾಪಕರು ಪಾರ್ಲಿಮೆಂಟಿನಲ್ಲಿ ಇದನ್ನು ಖಂಡಿಸಿದಾಗ ಇಂಗ್ಲಿಷರಿಗೇ ನಾಚಿಕೆಯಾಯಿತು.

ಪಿಂಚಣಿಯ ಬಾಬು ನೋಡಲು ನಿರುಪದ್ರವಿಯಾದದ್ದು. ದುಡಿದವನಿಗೆ ಮುಪ್ಪಿನಲ್ಲಿ ಅನ್ನ ಸಿಗಬೇಕು. ಇದನ್ನು ಯಾರು ಬೇಡವೆನ್ನುತ್ತಾರೆ? ದಾದಾಭಾಯಿಯವರೂ ಬೇಡವೆನ್ನಲಿಲ್ಲ. ಅವರು ಅದರ ಒಳಗಿನ ಲೆಕ್ಕವನ್ನು ತೋರಿಸಿದರು. ಸಿವಿಲ್ ಸರ್ವಿಸಿನ ಅಧಿಕಾರಿ ಇಪ್ಪತ್ತೈದು ವರ್ಷದ ಸೇವೆ ಮುಗಿಸಿ ಊರಿಗೆ ಮರಳಿದರೆ ವರ್ಷಕ್ಕೆ 1000 ಪೌಂಡ್ ಪಿಂಚಣಿ. ಅದಕ್ಕಾಗಿ ಅವನ ಸಂಬಳದಿಂದ ನೂರಕ್ಕೆ ನಾಲ್ಕರಂತೆ ಮುರಿದುಕೊಳ್ಳುತ್ತಿದ್ದರು, ನಿಜ. ಆದರೆ ಆ ಸಂಬಳವೂ ಇಲ್ಲಿಯ ಬೊಕ್ಕಸದ್ದೇ. ದಾದಾಭಾಯಿಯವರು ಸರಕಾರದ ವರದಿಗಳಿಂದಲೇ ಬೆಳೆಯ ಅಂಕಿಗಳನ್ನು ಕೂಡಿಸಿ, ಭಾರತೀಯನ ಸರಾಸರಿ ಆದಾಯ ವರ್ಷಕ್ಕೆ 20 ರೂಪಾಯಿ ಎಂದು ಕಂಡುಹಿಡಿದಿದ್ದರು. 1870ರ ಸುಮಾರಿಗೆ ಒಂದು ಪೌಂಡಿಗೆ ಸುಮಾರು ಹತ್ತು ರೂಪಾಯಿ. ಅಂದರೆ ಒಬ್ಬ ಪಿಂಚಣಿದಾರನಿಗೆ ಐನೂರು ಜನರ ಇಡೀ ವರ್ಷದ ದುಡಿಮೆ! ಮುಂದೆ ಬೆಳ್ಳಿಯ ಬೆಲೆ ಇಳಿದು ರೂಪಾಯಿ ಬಿದ್ದಿತು. 1899ರಲ್ಲಿ ಪೌಂಡಿಗೆ ಹದಿನೈದು ರೂಪಾಯಿ ಎಂದು ಗೊತ್ತುಮಾಡಿದರು. ಪಿಂಚಣಿದಾರನ 1000 ಪೌಂಡ್ ಹಾಗೆಯೇ ಇತ್ತು. ಅದನ್ನು ಕೊಡಲು ಬೇಕಾದ ರೂಪಾಯಿ ಮಾತ್ರ ಹತ್ತು ಸಾವಿರದಿಂದ ಹದಿನೈದು ಸಾವಿರಕ್ಕೆ ಏರಿತ್ತು. ಅದೇ 20 ರೂಪಾಯಿಯ ಲೆಕ್ಕದಲ್ಲಿ ಐನೂರು ಜನ ಏಳುನೂರ ಐವತ್ತಾದರು.

ಈ ಹಣ ಎಲ್ಲಿಂದ ಬರಬೇಕು? ಭೂಕಂದಾಯದಿಂದ, ಉಪ್ಪಿನ ಸುಂಕದಿಂದ. 1888ರಲ್ಲಿ ಉಪ್ಪಿನ ಸುಂಕವನ್ನು ಮಣಕ್ಕೆ ಎರಡು ರೂಪಾಯಿಯಿಂದ ಎರಡೂವರೆ ರೂಪಾಯಿಗೆ ಏರಿಸಿದರು. ನಮ್ಮ ಅಜ್ಜಿಯ ತಂದೆ ಸ್ವಾತಂತ್ರ್ಯಕ್ಕೆ ಮೊದಲು ಅದೇ ಸಾಣಿಕಟ್ಟಾದ ಆಗರದಲ್ಲಿ ಕೂಲಿ ಮಾಡಿದವರು. ತಾವೇ ಬಿಸಿಲಲ್ಲಿ ನಿಂತು ಎಳೆದ ಉಪ್ಪನ್ನು ಗಂಜಿಗೆ ಹಾಕಿಕೊಳ್ಳಲು ಅವರು ಸುಂಕ ಸೇರಿದ ಬೆಲೆ ಕೊಡಬೇಕಾಗಿತ್ತು. ಆ ಸುಂಕ ಬಿದ್ದ ಪೆಟ್ಟಿಗೆಯಿಂದಲೇ ಸಮುದ್ರದಾಚೆಯ ಪಿಂಚಣಿಯೂ ಹೋಗುತ್ತಿತ್ತು. ಅವರ ಮುಪ್ಪಿಗೆ ಮಾತ್ರ ಯಾವ ಪೆಟ್ಟಿಗೆಯೂ ತೆರೆಯಲಿಲ್ಲ.

ದಾದಾಭಾಯಿಯವರ ವಾದದಲ್ಲಿ ಇನ್ನೂ ಒಂದು ಸೂಕ್ಷ್ಮವಿತ್ತು. ಹಣ ಹೋಗುವುದು ಒಂದು ನಷ್ಟ. ಅನುಭವ ಹೋಗುವುದು ಎರಡನೆಯ ನಷ್ಟ. ನಮ್ಮ ಊರುಗಳಲ್ಲಿ ನಿವೃತ್ತರಾದ ಮಾಸ್ತರರು, ಶಿರಸ್ತೆದಾರರು ಏನು ಮಾಡುತ್ತಾರೆ? ಪಿಂಚಣಿಯ ಹಣದಲ್ಲಿ ಊರಿನ ಅಂಗಡಿಯಲ್ಲಿಯೇ ಅಕ್ಕಿ ಕೊಳ್ಳುತ್ತಾರೆ, ಜಗಲಿಯ ಮೇಲೆ ಕುಳಿತು ಅರ್ಜಿ ಬರೆದುಕೊಡುತ್ತಾರೆ, ಹುಡುಗರಿಗೆ ಬುದ್ಧಿ ಹೇಳುತ್ತಾರೆ. ಇಂಗ್ಲಿಷ್ ಅಧಿಕಾರಿ ಇಲ್ಲಿಯ ಜನರ ಮೇಲೆ ಕಲಿತ ಆಡಳಿತದ ಅನುಭವವನ್ನು ಗಂಟುಕಟ್ಟಿಕೊಂಡು ಹಡಗು ಹತ್ತುತ್ತಿದ್ದ. ಆದ್ದರಿಂದ ದಾದಾಭಾಯಿಯವರು ಬೇಡಿದ್ದು ಎರಡು ಸುಧಾರಣೆಗಳು: ಭಾರತೀಯರಿಗೆ ದೊಡ್ಡ ಹುದ್ದೆಗಳು ಸಿಗುವಂತೆ ಸಿವಿಲ್ ಸರ್ವಿಸ್ ಪರೀಕ್ಷೆಯನ್ನು ಲಂಡನ್ನಿನಲ್ಲಿಯೂ ಭಾರತದಲ್ಲಿಯೂ ಏಕಕಾಲಕ್ಕೆ ನಡೆಸಬೇಕು, ಸಾಮ್ರಾಜ್ಯದ ಹಿತಕ್ಕಾಗಿ ಮಾಡುವ ಖರ್ಚಿನಲ್ಲಿ ಇಂಗ್ಲೆಂಡು ತನ್ನ ಪಾಲನ್ನು ತಾನೇ ಕೊಡಬೇಕು.

1866ರಲ್ಲಿ ಲಂಡನ್ನಿನಲ್ಲಿ ಈಸ್ಟ್ ಇಂಡಿಯಾ ಅಸೋಸಿಯೇಶನ್ ಸ್ಥಾಪಿಸಿ, ಮರುವರ್ಷ ಅಲ್ಲಿಯೇ ಈ ವಿಚಾರವನ್ನು ಮೊದಲು ಮಂಡಿಸಿದರು. 1873ರಲ್ಲಿ ಭಾರತದ ಹಣಕಾಸಿನ ಬಗ್ಗೆ ನೇಮಿಸಿದ ಪಾರ್ಲಿಮೆಂಟಿನ ಸಮಿತಿಯ ಮುಂದೆ ಸಾಕ್ಷಿ ನುಡಿದರು. 1876ರಲ್ಲಿ ಭಾರತದ ಬಡತನವನ್ನು ಕುರಿತು ಓದಿದ ಪ್ರಬಂಧದಲ್ಲಿ, ಸಾಮಾನ್ಯ ಮನುಷ್ಯನ ಹೊಟ್ಟೆಬಟ್ಟೆಗೆ ವರ್ಷಕ್ಕೆ ಸುಮಾರು 34 ರೂಪಾಯಿ ಬೇಕು, ಅವನ ಆದಾಯ 20 ರೂಪಾಯಿ, ಜೇಲಿನಲ್ಲಿರುವ ಕೈದಿ ಅವನಿಗಿಂತ ಚೆನ್ನಾಗಿ ಉಣ್ಣುತ್ತಾನೆ ಎಂದು ಅಂಕಿಗಳಿಂದ ತೋರಿಸಿದರು. ಈ ನಡುವೆ 1874ರಲ್ಲಿ ಬಡೋದೆಯ ದಿವಾನರಾಗಿ, ರೆಸಿಡೆಂಟನ ಕಿರುಕುಳದಿಂದ ಬೇಸತ್ತು ಸ್ವಲ್ಪ ಕಾಲದಲ್ಲಿಯೇ ಬಿಟ್ಟರು. 1885ರಲ್ಲಿ ಕಾಂಗ್ರೆಸ್ಸನ್ನು ಸ್ಥಾಪಿಸಿದವರಲ್ಲಿ ಒಬ್ಬರಾದರು. ಮರುವರ್ಷವೇ ಅದರ ಅಧ್ಯಕ್ಷರಾದರು.

ಆದರೆ ಲೆಕ್ಕ ಕೇಳುವುದಾದರೆ ಲೆಕ್ಕ ಇರುವ ಮನೆಗೇ ಹೋಗಬೇಕೆಂದು ಅವರಿಗೆ ತಿಳಿದಿತ್ತು. ಭಾರತದ ಬಜೆಟ್ಟಿನ ಕೀಲಿ ಇದ್ದದ್ದು ಲಂಡನ್ನಿನ ಪಾರ್ಲಿಮೆಂಟಿನಲ್ಲಿ. 1886ರಲ್ಲಿ ಹೋಲ್ಬರ್ನ್ ಕ್ಷೇತ್ರದಿಂದ ನಿಂತು ಸೋತರು. 1888ರಲ್ಲಿ ಪ್ರಧಾನಿ ಲಾರ್ಡ್ ಸಾಲಿಸ್‌ಬರಿ ತುಂಬಿದ ಸಭೆಯಲ್ಲಿ ಅವರ ಮೈಬಣ್ಣವನ್ನು ಎತ್ತಿ ಹೀನಾಯವಾಗಿ ಮಾತನಾಡಿದರು. ಆ ಮಾತಿನಿಂದ ದಾದಾಭಾಯಿಯವರ ಹೆಸರು ಇಂಗ್ಲೆಂಡಿನ ಮನೆಮನೆಗೂ ತಿಳಿಯಿತು. ಅನೇಕ ಸಜ್ಜನರು ಅವರ ಕಡೆ ತಿರುಗಿದರು. ಫ್ಲಾರೆನ್ಸ್ ನೈಟಿಂಗೇಲರೂ ಅವರನ್ನು ಬೆಂಬಲಿಸಿದರು. 1892ರಲ್ಲಿ ಗಡಿಯಾರ ಮಾಡುವ ಕುಶಲಕರ್ಮಿಗಳು ವಾಸಿಸುತ್ತಿದ್ದ ಸೆಂಟ್ರಲ್ ಫಿನ್ಸ್‌ಬರಿ ಕ್ಷೇತ್ರದಿಂದ ಲಿಬರಲ್ ಪಕ್ಷದ ಪರವಾಗಿ ನಿಂತು, ಒಂದು ಕೈಯ ಬೆರಳಿನಲ್ಲಿ ಎಣಿಸಬಹುದಾದಷ್ಟು ಮತಗಳ ಅಂತರದಿಂದ ಗೆದ್ದರು. ನವರೋಜಿ ಎಂಬ ಹೆಸರನ್ನು ಅಲ್ಲಿಯ ಜನ ತಮಾಷೆಗೆ ನ್ಯಾರೋ ಮೆಜಾರಿಟಿ ಎಂದು ಕರೆದರಂತೆ. ಅರವತ್ತಾರನೆಯ ವಯಸ್ಸಿನಲ್ಲಿ, ಅವೆಸ್ತಾ ಗ್ರಂಥವನ್ನು ಹಿಡಿದು ಪ್ರಮಾಣ ಮಾಡಿ, ಅವರು ಪಾರ್ಲಿಮೆಂಟಿನಲ್ಲಿ ಕುಳಿತರು.

1893ರ ಜೂನ್ ತಿಂಗಳಲ್ಲಿ ಏಕಕಾಲಿಕ ಪರೀಕ್ಷೆಯ ಗೊತ್ತುವಳಿ ಪಾರ್ಲಿಮೆಂಟಿನಲ್ಲಿ ಅಂಗೀಕಾರವಾಯಿತು. ಇಷ್ಟು ವರ್ಷದ ದುಡಿಮೆಗೆ ಫಲ ಸಿಕ್ಕಿತೆಂದು ಭಾರತ ಹಿಗ್ಗಿತು. ಸರಕಾರ ಆ ಗೊತ್ತುವಳಿಯನ್ನು ಕಾರ್ಯಕ್ಕೆ ತರಲೇ ಇಲ್ಲ. ಅದೇ ವರ್ಷ ಅವರ ಒಬ್ಬನೇ ಮಗ ಆರ್ದೇಶಿರ್ ಎಂಟು ಮಕ್ಕಳನ್ನು ಬಿಟ್ಟು ತೀರಿಕೊಂಡರು. ಆ ದುಃಖವನ್ನು ಹೊತ್ತುಕೊಂಡೇ ದಾದಾಭಾಯಿಯವರು ಡಿಸೆಂಬರಿನಲ್ಲಿ ಲಾಹೋರಿಗೆ ಬಂದು ಎರಡನೆಯ ಸಲ ಕಾಂಗ್ರೆಸ್ಸಿನ ಅಧ್ಯಕ್ಷತೆ ವಹಿಸಿದರು.

1895ರ ಚುನಾವಣೆಯಲ್ಲಿ ಅವರು ಸೋತರು. ಆದರೆ ಅದೇ ವರ್ಷ, ಅವರು ಬೇಡುತ್ತ ಬಂದಿದ್ದ ವಿಚಾರಣೆ ದೊರೆಯಿತು. ಭಾರತದ ಖರ್ಚುವೆಚ್ಚವನ್ನು ಪರಿಶೀಲಿಸಲು ಲಾರ್ಡ್ ವೆಲ್ಬಿಯವರ ಅಧ್ಯಕ್ಷತೆಯಲ್ಲಿ ರಾಯಲ್ ಕಮಿಶನ್ ನೇಮಕವಾಗಿ, ದಾದಾಭಾಯಿಯವರು ಅದರ ಸದಸ್ಯರಾದರು. ತಮ್ಮ ವಾದಕ್ಕೆ ತಾವೇ ಸಾಕ್ಷಿಯಾಗಿಯೂ ನಿಂತರು. 1897ರಲ್ಲಿ ಗೋಖಲೆ, ವಾಚ್ಛಾ, ಸುರೇಂದ್ರನಾಥ ಬ್ಯಾನರ್ಜಿ, ಸುಬ್ರಹ್ಮಣ್ಯ ಅಯ್ಯರ್ ಇವರೂ ಭಾರತದಿಂದ ಹೋಗಿ ಸಾಕ್ಷಿ ಹೇಳಿದರು. 1900ರಲ್ಲಿ ವರದಿ ಹೊರಬಿದ್ದಿತು. ಬಹುಮತದವರು ಕೆಲವು ಸಣ್ಣ ಬಾಬುಗಳನ್ನು ಮಾತ್ರ ಇಂಗ್ಲೆಂಡಿನ ಮೇಲೆ ಹಾಕಲು ಒಪ್ಪಿದರು. ದಾದಾಭಾಯಿ, ವೆಡರ್‌ಬರ್ನ್, ಕೇನ್ ಈ ಮೂವರು ತಮ್ಮ ಭಿನ್ನಮತವನ್ನು ಬೇರೆಯಾಗಿ ಬರೆದರು. ಆ ಶತಮಾನದ ಆರಂಭದಲ್ಲಿ ಹೋಮ್ ಚಾರ್ಜಸಿನ ಮೊತ್ತ ವರ್ಷಕ್ಕೆ ಸುಮಾರು 1 ಕೋಟಿ 70 ಲಕ್ಷ ಪೌಂಡಿಗೆ ಮುಟ್ಟಿತ್ತು. 1901ರಲ್ಲಿ ದಾದಾಭಾಯಿಯವರು ಭಾರತದ ಬಡತನ ಮತ್ತು ಬ್ರಿಟಿಷರಿಗೆ ತಕ್ಕುದಲ್ಲದ ಆಡಳಿತವನ್ನು ಕುರಿತ ತಮ್ಮ ಬೃಹದ್ಗ್ರಂಥವನ್ನು ಪ್ರಕಟಿಸಿದರು. ಬ್ರಿಟಿಷರ ನ್ಯಾಯಬುದ್ಧಿಯಲ್ಲಿ ಅವರಿಗೆ ಇದ್ದ ನಂಬಿಕೆ ಹೆಚ್ಚೆಂದು ಇಂದಿನ ನಮಗೆ ಕಾಣಬಹುದು. ಆದರೆ ನಂಬಿ, ಕೇಳಿ, ಕಾದು, ಉತ್ತರ ಬಾರದೆ ಇದ್ದಾಗ ಅವರು ಮುಂದಿನ ಹೆಜ್ಜೆ ಇಡಲು ಹಿಂಜರಿಯಲಿಲ್ಲ. 1906ರಲ್ಲಿ ಎಂಬತ್ತೊಂದನೆಯ ವಯಸ್ಸಿನಲ್ಲಿ ಕಲಕತ್ತೆಯ ಕಾಂಗ್ರೆಸ್ಸಿನ ಅಧ್ಯಕ್ಷಪೀಠದಿಂದ ಸ್ವರಾಜ್ಯವೇ ಗುರಿ ಎಂದು ಸಾರಿದರು. ದನಿ ಕುಗ್ಗಿದ್ದರಿಂದ ಭಾಷಣದ ಬಹುಭಾಗವನ್ನು ಗೋಖಲೆಯವರು ಓದಿದರು. ಮುಂದಿನ ವರ್ಷಗಳನ್ನು ಮುಂಬಯಿಯ ಹತ್ತಿರ ವರ್ಸೋವಾದ ಕಡಲ ತೀರದಲ್ಲಿ ಕಳೆದು, 1917ರ ಜೂನ್ 30ರಂದು ತೀರಿಕೊಂಡರು.

ಅವರು ಬಿತ್ತಿದ್ದು ತಡವಾಗಿ ಬೆಳೆಯಿತು. ಭಾರತ ಮಂತ್ರಿಯ ಸಂಬಳವನ್ನು ಬ್ರಿಟಿಷ್ ಬೊಕ್ಕಸದಿಂದ ಕೊಡಬೇಕೆಂದು 1919ರ ಕಾಯಿದೆ ವಿಧಿಸಿತು. 1922ರಲ್ಲಿ ಸಿವಿಲ್ ಸರ್ವಿಸ್ ಪರೀಕ್ಷೆ ಭಾರತದಲ್ಲಿಯೂ ನಡೆಯಿತು. ಸ್ವಾತಂತ್ರ್ಯ ಬಂದ ಮೇಲೂ ಪಿಂಚಣಿಯ ಲೆಕ್ಕ ಉಳಿದಿತ್ತು. 1948ರ ಒಪ್ಪಂದದಂತೆ, ಯುದ್ಧಕಾಲದಲ್ಲಿ ಇಂಗ್ಲೆಂಡು ಭಾರತಕ್ಕೆ ಕೊಡಬೇಕಾಗಿ ಉಳಿದ ಸ್ಟರ್ಲಿಂಗ್ ಬಾಕಿಯಿಂದ ಹದಿನಾರು ಕೋಟಿಗೂ ಹೆಚ್ಚು ಪೌಂಡನ್ನು ಆ ಪಿಂಚಣಿಗಳಿಗಾಗಿ ಒಮ್ಮೆಗೇ ಕಟ್ಟಿಕೊಟ್ಟೆವು. 1955ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಕಾಯಿದೆ ಮಾಡಿ ಆ ಪಿಂಚಣಿಗಳ ಹೊಣೆಯನ್ನು ತಾನು ವಹಿಸಿಕೊಂಡಿತು. ಈ ನಡುವೆ ಒಂದು ಸಂಗತಿ ಗಮನಿಸತಕ್ಕದ್ದು. ದಾದಾಭಾಯಿಯವರು ಬದುಕಿದ್ದಾಗಲೇ, 1908ರಲ್ಲಿ, ಅದೇ ಪಾರ್ಲಿಮೆಂಟು ತನ್ನ ದೇಶದ ಎಪ್ಪತ್ತು ದಾಟಿದ ಬಡವರಿಗೆ ವಾರಕ್ಕೆ 5 ಶಿಲ್ಲಿಂಗಿನವರೆಗೆ ಪಿಂಚಣಿ ಕೊಡುವ ಕಾಯಿದೆ ಮಾಡಿತು. ಅದರ ಖರ್ಚಿಗಾಗಿ ಶ್ರೀಮಂತರ ಮೇಲೆ ತೆರಿಗೆ ಏರಿಸಬೇಕಾಗಿ ಬಂದು 1909ರಲ್ಲಿ ದೊಡ್ಡ ಗದ್ದಲವೇ ಆಯಿತು. ಮತ ಇದ್ದವರು ಚರ್ಚೆ ಮಾಡಿದರು, ಚುನಾವಣೆ ಮಾಡಿದರು. ಮತ ಇಲ್ಲದ ಭಾರತ ಸುಮ್ಮನೆ ಕೊಡುತ್ತಿತ್ತು.

ಈ ಲೇಖನದ ವಿಚಾರವನ್ನು ನಾನು ತರಗತಿಯಲ್ಲಿ ಹೇಳಿದಾಗ ಭಟ್ಕಳದ ಗೆಳೆಯನೊಬ್ಬನು ಒಂದು ಆಕ್ಷೇಪಣೆ ಎತ್ತಿದನು. ನಮ್ಮ ಊರಿನವರು ಅರಬಸ್ಥಾನದಲ್ಲಿ ದುಡಿದು ಹಣ ಮನೆಗೆ ಕಳಿಸುತ್ತಾರಲ್ಲ, ಅದೂ ಸೋರಿಕೆಯೇ ಆಗಬೇಕಲ್ಲ ಎಂದನು. ಆ ದಿನ ನಾನು ತಬ್ಬಿಬ್ಬಾದೆ. ಆಮೇಲೆ ಯೋಚಿಸಿದಾಗ ಉತ್ತರ ತೋರಿತು. ದುಬೈಯಲ್ಲಿ ದುಡಿಯುವವನು ಅಲ್ಲಿಯವರು ಕರೆದದ್ದರಿಂದ ಹೋಗುತ್ತಾನೆ. ತನ್ನ ಸಂಬಳವನ್ನು ತಾನೇ ಗೊತ್ತುಮಾಡಿಕೊಳ್ಳುವುದಿಲ್ಲ. ಅಲ್ಲಿಯವರ ಮೇಲೆ ತೆರಿಗೆ ಹಾಕುವುದಿಲ್ಲ. ಇಲ್ಲಿ ತೆರಿಗೆ ಹಾಕುವವನು, ಸಂಬಳ ಗೊತ್ತುಮಾಡುವವನು, ಸಂಬಳ ಪಡೆಯುವವನು, ಪಿಂಚಣಿ ಒಯ್ಯುವವನು ಎಲ್ಲರೂ ಒಂದೇ ಕಡೆಯವರು. ದಾದಾಭಾಯಿಯವರ ದೂರು ಇದ್ದದ್ದು ಅಲ್ಲಿ. ಆದರೂ ಗೆಳೆಯನ ಪ್ರಶ್ನೆ ಒಳ್ಳೆಯದು. ರೈಲ್ವೆ, ಕಾಲುವೆಗಳಿಗೆ ತಂದ ಸಾಲದ ಬಡ್ಡಿಯನ್ನೆಲ್ಲ ಸೋರಿಕೆಯೆಂದು ಎಣಿಸಬಹುದೇ ಎಂಬ ವಿಷಯದಲ್ಲಿ ಅರ್ಥಶಾಸ್ತ್ರಜ್ಞರಲ್ಲಿ ಇಂದಿಗೂ ಭಿನ್ನಾಭಿಪ್ರಾಯವಿದೆ. ಮೊತ್ತದ ಬಗ್ಗೆ ವಾದಿಸಬಹುದು. ಕೊಡುವವನಿಗೆ ಕೇಳುವ ಹಕ್ಕು ಉಂಟು ಎಂಬುದರ ಬಗ್ಗೆ ವಾದವಿಲ್ಲ.

ಪಿಂಚಣಿಯ ಮಾತು ಇಂದಿಗೂ ಮುಗಿದಿಲ್ಲ. 2006ರ ಏಪ್ರಿಲ್ 1ರ ಅನಂತರ ನಮ್ಮ ರಾಜ್ಯದ ಸೇವೆಗೆ ಸೇರಿದ ನೌಕರರಿಗೆ ಹೊಸ ಪದ್ಧತಿ ಬಂದಿತು. ಹಳೆಯದು ಒಳ್ಳೆಯದೋ ಹೊಸದು ಒಳ್ಳೆಯದೋ ಎಂದು ನಮ್ಮ ಗುರುಗಳೇ ಚರ್ಚಿಸುವುದನ್ನು ನಾವು ಕೇಳಿದ್ದೇವೆ. ಅದನ್ನು ತೀರ್ಮಾನಿಸುವಷ್ಟು ದೊಡ್ಡವನು ನಾನಲ್ಲ. ಆದರೆ ಯಾವ ಪಿಂಚಣಿಯ ಮಾತು ಬಂದರೂ ದಾದಾಭಾಯಿಯವರ ಪ್ರಶ್ನೆಯಿಂದ ಆರಂಭಿಸಬೇಕೆಂದು ಮಾತ್ರ ಕಲಿತೆ: ಇದು ಯಾರ ದುಡ್ಡು, ಅವರಿಗೆ ಮಾತಿದೆಯೇ?

ಅಜ್ಜಿಗೆ ಉತ್ತರ ಹೇಳಲು ನನಗೆ ಕೆಲವು ತಿಂಗಳು ಹಿಡಿಯಿತು. ಈ ದುಡ್ಡು ನಮ್ಮೆಲ್ಲರದು, ನೀನು ಬೆಂಕಿಪೆಟ್ಟಿಗೆ, ಸಾಬೂನು ಕೊಂಡಾಗ ನೀನೂ ಅದಕ್ಕೆ ಕೊಡುತ್ತೀ, ಅದು ನಿನ್ನ ಹಕ್ಕು ಎಂದು ಹೇಳಿದೆ. ಹಾಗಾದರೆ ನೀನು ಓದಿದ್ದೂ ಅದರಲ್ಲಿಯೇ ಇರಬೇಕು ಎಂದು ಅವಳು ಹೇಳಿ ಒಲೆಯ ಕಡೆ ಹೋದಳು. ದಾದಾಭಾಯಿಯವರು ಎಳೆಯ ವಯಸ್ಸಿನಲ್ಲಿ ಅರಿತುಕೊಂಡದ್ದನ್ನು ನಾನು ಇಪ್ಪತ್ತರಲ್ಲಿ, ಅಕ್ಷರ ಬಾರದ ಅಜ್ಜಿಯಿಂದ ಅರಿತುಕೊಂಡೆ. ಈ ಕಾಲೇಜಿನಿಂದ ಹೊರಗೆ ಹೋಗುವ ನಾವು ಯಾವ ಕಚೇರಿಯ ಕುರ್ಚಿಯಲ್ಲಿ ಕುಳಿತರೂ, ಎದುರು ನಿಂತವರು ನಮಗೆ ಫೀ ಕೊಟ್ಟು ಓದಿಸಿದವರು ಎಂಬುದನ್ನು ಮರೆಯದಿದ್ದರೆ ಆ ಪಿತಾಮಹರಿಗೆ ಅದಕ್ಕಿಂತ ಹೆಚ್ಚಿನ ಗೌರವ ಬೇಕಾಗಲಿಕ್ಕಿಲ್ಲ.